ಚಿತ್ತೆ ಮಳೆಯಲ್ಲಿ ಕೊಟ್ಟ ಜ್ಞಾನಸ್ನಾನ

ಹೋದ ತಿಂಗಳು ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯವರು ತಮ್ಮ ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಕರೆದಿದ್ದರು. ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ತಲೆಗೆ ನೀರು ಹಾಕಿ ಎಲ್ಲ ಮುಗಿದ ಮೇಲೆ ಮಗು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತಾ ನನ್ನ ತೊಡೆಗೂ ಬಂತು. ಪಾದ್ರಿಗಳು ನೆತ್ತಿಗೆ ಸವರಿದ್ದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೊಬ್ಬರಿ ಎಣ್ಣೆಯಲ್ಲ, ಹರಳೆಣ್ಣೆಯಲ್ಲ, ಗಂಧದಂಥ ಏನನ್ನೋ ಬೆರೆಸಿದ ಬೇರೆಯೇ ಎಣ್ಣೆ. ಆ ವಾಸನೆಯನ್ನು ನಾನು ಇದಕ್ಕೆ ಮೊದಲು ಮೂಸಿದ್ದು ತಿಪಟೂರಿನಲ್ಲಿ, ಅದರ ಹತ್ತಿರದ ಬಿಳಿಗೆರೆಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದ ಕಾಲದಲ್ಲಿ.

ಎಂಬತ್ತರ ದಶಕದ ಮೊದಮೊದಲ ವರ್ಷಗಳವು. ಬಿಳಿಗೆರೆ ನನ್ನ ಗಂಡನ ಊರು. ಉಪಕೇಂದ್ರ ಎಂದರೆ ಬಾಡಿಗೆ ಮನೆಯೊಂದರ ಮುಂದಿನ ಕೋಣೆ. ಅದರ ಅಟ್ಟದ ತುಂಬ ಮನೆಯ ಯಜಮಾನರು ಕೊಬ್ಬರಿಗೆಂದು ಕಾಯಿ ತುಂಬಿದ್ದರು. ಮೇಲೆ ಬೆಕ್ಕು ಓಡಾಡಿದರೆ ಒಣಗಿದ ಕಾಯಿಗಳೊಳಗೆ ಕೊಬ್ಬರಿ ಗಡಗಡ ಎನ್ನುತ್ತಿತ್ತು. ಮೊದಲ ಹೆರಿಗೆಗೆ ಬಂದ ಹುಡುಗಿಯರು ಆ ಸದ್ದಿಗೇ ಹೆದರುತ್ತಿದ್ದರು. ನಮ್ಮದು ವಿಭೂತಿ ಹಚ್ಚುವ, ಲಿಂಗ ಕಟ್ಟುವ ಮನೆ. ನಮ್ಮತ್ತೆ ಸಿದ್ಧಗಂಗಮ್ಮನಿಗೆ ಪೂಜೆ ಎಷ್ಟು ಇಷ್ಟವೋ ಬಾಣಂತನವೂ ಅಷ್ಟೇ ಇಷ್ಟ. ಊರಲ್ಲಿ ಯಾರಿಗೆ ನೋವು ಬಂದರೂ ನನ್ನ ಪೆಟ್ಟಿಗೆ ಹಿಡಿದು ನನಗಿಂತ ಮುಂದೆ ನಡೆಯುತ್ತಿದ್ದರು.

ಆ ವರ್ಷ ಶಾಲೆ ಶುರುವಾದಾಗ ಊರಿಗೆ ಹೊಸ ಟೀಚರ್ ಬಂದರು. ಫಿಲೋಮಿನಾ. ಆನೇಕಲ್ ಕಡೆಯವರು, ಕ್ರಿಶ್ಚಿಯನ್ನರು. ಮನೆಮಾತು ಕನ್ನಡವೇ. ಗಂಡ ಅಂತೋಣಪ್ಪ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ನಮ್ಮ ಮನೆಯ ಪಕ್ಕಕ್ಕೆ ಹೊಂದಿಕೊಂಡಿದ್ದ ಎರಡು ಕೋಣೆಗಳನ್ನು ಅವರಿಗೆ ಬಾಡಿಗೆಗೆ ಕೊಟ್ಟೆವು. ಬಿಳಿಗೆರೆಯವರು ಅದುವರೆಗೆ ಕ್ರಿಶ್ಚಿಯನ್ನರನ್ನು ಹತ್ತಿರದಿಂದ ನೋಡಿದ್ದೇ ಇಲ್ಲ. ಫಿಲೋಮಿನಾ ಎಂಬ ಹೆಸರು ಬಾಯಿಗೆ ಹೊರಳದೆ, ಮೊದಲ ವಾರದಲ್ಲೇ ಆಕೆ ‘ಪಿಲೋಮಮ್ಮ’ ಆದರು.

ನಮ್ಮತ್ತೆ ಸುಮ್ಮನಿರುವವರಲ್ಲ. ಎರಡನೇ ದಿನವೇ ಬಾಗಿಲಲ್ಲಿ ನಿಂತು ಕೇಳಿದರು. “ಏನವ್ವ, ನಿಮ್ಮೋರು ದೇವ್ರಿಗೆ ದೀಪ ಹಚ್ಚಾಕಿಲ್ವಾ?”

“ಮೇಣದ ಬತ್ತಿ ಹಚ್ತೀವಿ ಅಮ್ಮ.”

“ಯಾವ್ದೋ ಒಂದು. ಬೆಳಕಾದ್ರೆ ಸರಿ ಬುಡು” ಎಂದು ಒಳಗೆ ಹೋಗಿ ಕೂತೇಬಿಟ್ಟರು.

ಫಿಲೋಮಿನಾಗೆ ಆಗ ನಾಲ್ಕು ತಿಂಗಳಾಗಿತ್ತು. ಪರೀಕ್ಷೆ ಮಾಡುವಾಗ ನಾನು ಎಲ್ಲರನ್ನೂ ಕೇಳುವಂತೆ ಕೇಳಿದೆ, ಇದು ಮೊದಲನೆಯದಾ ಎಂದು. ಆಕೆ ಮೇಲಿನ ಅಟ್ಟವನ್ನೇ ನೋಡುತ್ತಾ ಹೇಳಿದರು. “ಎರಡನೇದು ಅಕ್ಕ. ಮೊದಲನೇದು ಗಂಡು. ಹುಟ್ಟಿದ ಸ್ವಲ್ಪ ಹೊತ್ತಿಗೇ ಹೋಯ್ತು.” ಅಷ್ಟಕ್ಕೇ ನಿಲ್ಲಿಸಿದರು. ನಾನು ರಿಜಿಸ್ಟರಿನಲ್ಲಿ ಬರೆದುಕೊಂಡೆ.

ಅದರ ಉಳಿದ ಭಾಗ ನನಗೆ ಗೊತ್ತಾಗಿದ್ದು ಶ್ರಾವಣ ಕಳೆದ ಮೇಲೆ. ತಿಪಟೂರಿನಲ್ಲಿ ಆಗ ಅವರ ಕಡೆಯವರು ಬೆರಳೆಣಿಕೆಯಷ್ಟು ಮನೆ. ಹೆಚ್ಚಿನವರು ರೈಲ್ವೆಯವರು. ತಿಂಗಳಿಗೊಂದು ಭಾನುವಾರ ದೂರದ ಊರಿನಿಂದ ಒಬ್ಬ ಪಾದ್ರಿಗಳು ಮೋಟಾರ್ ಸೈಕಲ್ಲಿನಲ್ಲಿ ಬಂದು, ಒಬ್ಬರ ಮನೆಯ ಪಡಸಾಲೆಯಲ್ಲಿ ಪೂಜೆ ಮಾಡಿ ಹೋಗುತ್ತಿದ್ದರು. ಬಸ್ಸಿನ ಕುಲುಕಾಟಕ್ಕೆ ಹೆದರಿ ಫಿಲೋಮಿನಾ ನನ್ನನ್ನು ಜೊತೆಗೆ ಕರೆದರು. ಹೋದೆ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಎರಡು ಬತ್ತಿ ಹಚ್ಚಿ, ರೊಟ್ಟಿ ದ್ರಾಕ್ಷಾರಸ ಇಟ್ಟು ಮಂತ್ರ ಹೇಳಿದರು. ಕನ್ನಡದಲ್ಲೇ ಇದ್ದುದರಿಂದ ಎಲ್ಲ ಅರ್ಥವಾಯಿತು. ಕೊನೆಗೆ ಎಲ್ಲರೂ ಎದ್ದು ಹೋಗಿ ಬಿಲ್ಲೆಯಂಥ ತೆಳ್ಳನೆಯ ರೊಟ್ಟಿಯನ್ನು ನಾಲಿಗೆ ಮೇಲೆ ಇಡಿಸಿಕೊಂಡು ಬಂದರು. ಫಿಲೋಮಿನಾ ಮಾತ್ರ ಗೋಡೆಗೊರಗಿ ಕೂತೇ ಇದ್ದರು. ಹೊಟ್ಟೆ ಹೊತ್ತು ಏಳಲು ಕಷ್ಟವಾಯಿತೇನೋ ಎಂದು ನಾನು ಕೈ ಕೊಡಲು ಹೋದೆ. ಬೇಡವೆಂದು ತಲೆಯಾಡಿಸಿದರು.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. “ನೀವ್ಯಾಕೆ ತಗೊಳ್ಳಲಿಲ್ಲ?”

“ಅದು ಪರಮಪ್ರಸಾದ ಅಕ್ಕ. ಯೇಸುಸ್ವಾಮಿ ತನ್ನನ್ನೇ ಕೊಡೋದು ಅಂತ ನಮ್ಮ ನಂಬಿಕೆ. ಮನಸ್ಸಲ್ಲಿ ಅವನ ಮೇಲೇ ಸಿಟ್ಟು ಇಟ್ಕೊಂಡು ತಗೊಳ್ಳೋದು ಹೆಂಗೆ? ಮೊದಲು ಗುರುಗಳ ಮುಂದೆ ತಪ್ಪು ಹೇಳಿಕೊಂಡು ಪಾಪನಿವೇದನೆ ಮಾಡಬೇಕು. ಅದಕ್ಕೂ ಮನಸ್ಸು ಬರ್ತಿಲ್ಲ.”

ಆಮೇಲೆ ಹೇಳಿದರು. ಮೊದಲ ಮಗು ಹುಟ್ಟಿದ್ದು ಗಂಡನ ಊರಿನಲ್ಲಿ. ಉಸಿರು ಕಷ್ಟವಾಗಿತ್ತು. ಅತ್ತೆ ರೋಸಮ್ಮ ಪಾದ್ರಿಗಳನ್ನು ಕರೆತರಲು ಮಗನನ್ನು ಓಡಿಸಿದರು. ಅವರು ಬರುವಷ್ಟರಲ್ಲಿ ಮಗು ಹೋಗಿತ್ತು. ಅಂಥ ಹೊತ್ತಿನಲ್ಲಿ ಮನೆಯವರೇ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದಿತ್ತು. ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಜ್ಞಾನಸ್ನಾನವಾಗದ ಮಗು ಎಂದು ಸ್ಮಶಾನದ ಮೂಲೆಯಲ್ಲಿ, ಬೇಲಿಯ ಪಕ್ಕ ಹೂಳಿದರು. ಹೆಸರನ್ನೂ ಕರೆಯಲಿಲ್ಲ. “ಸ್ವರ್ಗದ ಬಾಗಿಲು ಅದಕ್ಕೆ ಇಲ್ಲ ಅಂದ್ಬಿಟ್ರು ನಮ್ಮತ್ತೆ” ಎಂದರು ಫಿಲೋಮಿನಾ. ಬಸ್ಸು ಬಂತು. ಆಕೆಯ ಕೈ ಹಿಡಿದು ಹತ್ತಿಸಿದೆ.

ಅದಾದ ಮೇಲೆ ಒಂದು ಸಂಜೆ ಆಕೆ ನಮ್ಮ ಹಜಾರಕ್ಕೆ ಬಂದು ಕೂತರು. ನಾನು ಅಲಸಂದೆಕಾಯಿ ಸುಲಿಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದರು.

“ಗಿರಿಜಕ್ಕ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ನಬೇಡಿ. ಈ ಮಗೂಗೂ ಏನಾದ್ರೂ ಹಂಗಾದ್ರೆ, ನೀವು ನೀರು ಹಾಕ್ತೀರಾ?”

“ನಾನಾ? ನಾನು ನಿಮ್ಮ ಧರ್ಮದವಳಲ್ಲವಲ್ಲ.”

“ಜೀವ ಹೋಗೋ ಹೊತ್ತಲ್ಲಿ ಯಾರು ಬೇಕಾದ್ರೂ ಹಾಕಬಹುದು ಅಕ್ಕ. ಧರ್ಮ ಕೇಳೋದಿಲ್ಲ. ತಲೆ ಮೇಲೆ ನೀರು ಹರೀಬೇಕು, ಮಾತು ಸರಿಯಾಗಿ ಹೇಳಬೇಕು, ನಮ್ಮ ಧರ್ಮಸಭೆ ಏನು ಮಾಡುತ್ತೋ ಅದನ್ನೇ ಮಾಡೋ ಮನಸ್ಸಿರಬೇಕು. ಅಷ್ಟೇ.”

“ಬರೀ ನೀರಿನಿಂದ ಏನಾಗುತ್ತೆ?” ಎಂದು ಕೇಳಿದೆ. ಹೀಯಾಳಿಸಲು ಅಲ್ಲ, ತಿಳಿದುಕೊಳ್ಳಲು.

ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲೇ ಆಕೆ ವಿವರಿಸಿದರು. ತಮ್ಮಲ್ಲಿ ಏಳು ಸಂಸ್ಕಾರಗಳಿವೆ. ಹುಟ್ಟಿದಾಗಿನಿಂದ ಹಿಡಿದು ಕಾಯಿಲೆ ಬಿದ್ದು ಮಲಗುವವರೆಗೆ ಒಂದೊಂದು ಕಾಲಕ್ಕೆ ಒಂದೊಂದು. ದೇವರ ಕೃಪೆ ಕಣ್ಣಿಗೆ ಕಾಣುವುದಿಲ್ಲ. ಮನುಷ್ಯರಿಗೆ ಮುಟ್ಟಿ ನೋಡದೆ ನಂಬಿಕೆ ಬರುವುದಿಲ್ಲ. ಅದಕ್ಕೇ ನೀರು, ಎಣ್ಣೆ, ರೊಟ್ಟಿ. ಎಲ್ಲಕ್ಕೂ ಬಾಗಿಲು ಈ ಜ್ಞಾನಸ್ನಾನ. ಇದಾದರೆ ಮಗು ದೇವರ ಮಗುವಾಗಿ ಎರಡನೇ ಸಲ ಹುಟ್ಟಿದ ಹಾಗೆ.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ನಮ್ಮಲ್ಲೂ ಹುಟ್ಟಿದ ಕೂಸಿಗೆ ಲಿಂಗ ಕಟ್ಟಾಕಿಲ್ವೇನೇ ಗಿರಿಜ? ಅಂಗೇ ಇದೂನೂವೆ. ಕಲ್ತ್ಕೋ. ಕಲ್ತಿದ್ದೇನು ಹೊರೆ ಆಯ್ತದಾ?”

ಕಲಿತೆ. “ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ.” ಮೊದಲಿಗೆ ಮಗುವಿನ ಹೆಸರು ಸೇರಿಸಬೇಕು. ಬೇಕಾಗಲಾರದು ಎಂದೇ ನನ್ನ ಎಣಿಕೆ. ತಿಂಗಳು ತುಂಬುವ ಹೊತ್ತಿಗೆ ಆಕೆಯನ್ನು ತಿಪಟೂರಿನ ಆಸ್ಪತ್ರೆಗೆ ಸೇರಿಸುವುದೆಂದು ಅಂತೋಣಪ್ಪನ ಜೊತೆ ಮಾತಾಗಿತ್ತು.

ಆದರೆ ದಸರಾ ರಜೆ ಮುಗಿಯುವ ಮೊದಲೇ ಚಿತ್ತೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಂದರೆ ಒಂದು ಸಂಜೆ ಸುರಿದು ಹೋಗುವುದೇ ರೂಢಿ. ಆ ಸಲ ಹಗಲೂ ರಾತ್ರಿ ಬಿಡಲಿಲ್ಲ. ತೆನೆ ಬಿಡುತ್ತಿದ್ದ ರಾಗಿ ನೆಲಕ್ಕೊರಗಿತು. ತೋಟಗಳಲ್ಲಿ ಮೊಣಕಾಲುದ್ದ ನೀರು ನಿಂತು, ಉದುರಿದ ಕಾಯಿಗಳು ತೇಲಾಡಿದವು. ಕೆರೆ ಕೋಡಿ ಬಿದ್ದು ರಸ್ತೆಯ ಮೇಲೆ ಹರಿಯತೊಡಗಿತು. ಬಸ್ಸು ನಿಂತಿತು. ಅಂಥ ಒಂದು ಬೆಳಿಗ್ಗೆ ಫಿಲೋಮಿನಾಗೆ ನೋವು ಕಾಣಿಸಿತು. ಎಂಟನೇ ತಿಂಗಳು. ಅಂತೋಣಪ್ಪ ಅರಸೀಕೆರೆಯಲ್ಲಿದ್ದ. ನನ್ನ ಗಂಡ ಗಾಡಿ ಕಟ್ಟಿ ಕೋಡಿಯವರೆಗೆ ಹೋಗಿ ನೋಡಿ ಬಂದರು. “ಎತ್ತು ಇಳಿಯಲ್ಲ ಕಣೇ, ಸೆಳವು ಜೋರಾಗೈತೆ” ಎಂದರು. ಉಳಿದಿದ್ದು ನಾನು, ಅತ್ತೆ, ನನ್ನ ಪೆಟ್ಟಿಗೆ.

ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ಬಿಡಿಸಿ ತೆಗೆದರೆ ಮೈ ನೀಲಿ, ಕೈಕಾಲು ಜೋತುಬಿದ್ದಿದ್ದವು, ಅಳುವಿಲ್ಲ. ನಳಿಕೆ ಹಾಕಿ ಬಾಯಿ ಮೂಗಿನ ಲೋಳೆ ಹೀರಿ ತೆಗೆದೆ. ಬೆನ್ನು ಉಜ್ಜಿದೆ. ಅಂಗಾಲು ತಟ್ಟಿದೆ. ಎದೆಯ ಮೇಲೆ ಬೆರಳಿಟ್ಟರೆ ಎಲ್ಲೋ ಸಣ್ಣಗೆ ಮಿಡಿತ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಶುರುಮಾಡಿದೆ.

“ಅಳ್ತಿಲ್ಲ ಯಾಕೆ?” ಎಂದರು ಫಿಲೋಮಿನಾ. ನನ್ನ ಬಾಯಿಗೆ ಬಿಡುವಿರಲಿಲ್ಲ. ಆಕೆಗೆ ಅರ್ಥವಾಯಿತು. “ಅಕ್ಕಾ, ನೀರು!”

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಿಟ್ಟು ಬಂತು. ನೀರು ಹಾಕುವ ಹೊತ್ತು ಉಸಿರು ಕೊಡುವ ಹೊತ್ತಿನಿಂದಲೇ ಕಳೆಯುತ್ತದೆ. ನನ್ನ ತರಬೇತಿ ನನಗೆ ಕಲಿಸಿದ್ದು ಉಸಿರು. ಆಕೆ ಎದ್ದು ಕೂರಲು ನೋಡಿದರು. “ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಇದೂ ಹಂಗೇ ಹೋಗೋದು ಬೇಡ.” ಆ ದನಿಯನ್ನು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಕುದಿಸಿ ಆರಿಸಿಟ್ಟಿದ್ದ ನೀರಿನ ಚೊಂಬನ್ನು ಅತ್ತೆ ಆಗಲೇ ಕೈಯಲ್ಲಿ ಹಿಡಿದು ನಿಂತಿದ್ದರು. “ಬೆಚ್ಚಗೈತೆ, ಹಾಕು” ಎಂದರು. 

“ಹೆಸರೇನು?”

“ತೆರೇಸಾ.”

ಎಡಗೈಯಲ್ಲಿ ತಲೆ ಹಿಡಿದು ನೀರು ಹರಿಸಿದೆ. ಮಾತು ಬಂತೋ ತೊದಲಿತೋ ತಿಳಿಯದು. ಮುಗಿಸಿದವಳೇ ಬಟ್ಟೆಯಿಂದ ತಲೆಯೊರೆಸಿ ಮತ್ತೆ ಬಾಯಿಗೆ ಬಾಯಿಟ್ಟೆ. ಎಷ್ಟು ಹೊತ್ತೋ. ನನಗೇ ತಲೆ ಸುತ್ತತೊಡಗಿತ್ತು. ಆಗ ಮಗುವಿನ ಎದೆ ತಾನಾಗಿ ಒಮ್ಮೆ ಏರಿತು. ಆಮೇಲೆ ಬಿಕ್ಕಳಿಕೆಯಂಥ ಸದ್ದು. ಆಮೇಲೆ, ಬೆಕ್ಕಿನ ಮರಿಯ ಹಾಗೆ, ಅಳು. ಅತ್ತೆ ಚೊಂಬು ಕೆಳಗಿಟ್ಟು ಮಗುವಿಗೆ ಬಟ್ಟೆ ಹೊದಿಸಿದರು.

ಊರಿನಲ್ಲಿ ತಲೆಗೊಂದು ಮಾತಾಯಿತು. ಕಿರಿಸ್ತಾನರ ನೀರಿನಿಂದಲೇ ಕೂಸಿಗೆ ಜೀವ ಬಂತೆಂದು ಕೆಲವರು. ನರ್ಸಮ್ಮ ಬೇರೆ ಜಾತಿಯ ಮಂತ್ರ ಹೇಳಿದಳಂತೆ, ಅವರ ಮನೆಯಲ್ಲಿ ಲಿಂಗಪೂಜೆ ಹೇಗೆ ನಡೆಯುತ್ತದೆಂದು ಕೆಲವರು. ಎರಡನೆಯದಕ್ಕೆ ಅತ್ತೆ ಬೀದಿಯಲ್ಲೇ ನಿಂತು ಜವಾಬು ಕೊಟ್ಟರು. “ಸಾಯೋ ಕೂಸಿನ ತಲೆ ಮೇಲೆ ನೀರು ಹಾಕಿದ್ರೆ ಮುನಿಸ್ಕೊಳ್ಳೋ ಶಿವ ನಮ್ಮನೇಲಿಲ್ಲ ಕಣ್ರಪ್ಪ!” ಮೊದಲನೆಯದಕ್ಕೆ ಜವಾಬು ಕೊಟ್ಟಿದ್ದು ಫಿಲೋಮಿನಾ. “ಸಂಸ್ಕಾರ ಅಂದ್ರೆ ಔಷಧಿ ಅಲ್ಲ. ಉಸಿರು ಬರಿಸಿದ್ದು ಅಕ್ಕನ ಉಸಿರು. ನೀರು ಹಾಕಿಸಿದ್ದು, ಉಳಿದ್ರೂ ಹೋದ್ರೂ ನನ್ನ ಮಗು ದೇವರ ಮಗುವಾಗಿರಲಿ ಅಂತ.” ನನಗೆ ಆ ಮಾತು ಹಿಡಿಸಿತು. ನನ್ನ ಕೆಲಸವನ್ನು ನನಗೇ ಬಿಟ್ಟಿದ್ದರು.

ಆದರೆ ನಿಜವಾದ ತಕರಾರು ಬಂದಿದ್ದು ಮಳೆ ನಿಂತು ಬಸ್ಸು ಓಡಿದ ಮೇಲೆ, ಅಂತೋಣಪ್ಪನ ತಾಯಿ ರೋಸಮ್ಮನ ಜೊತೆ. ಎತ್ತರದ ಆಳು, ಕೊರಳಲ್ಲಿ ಜಪಸರ. ಮೊಮ್ಮಗಳನ್ನು ಎತ್ತಿಕೊಂಡು ಮುದ್ದಾಡಿದರು. ನನಗೆ ಕೈ ಮುಗಿದರು. ಆದರೆ ನೀರು ಹಾಕಿದ ಸಂಗತಿ ಕೇಳಿ ಮುಖ ಬಿಗಿಯಿತು.

“ನೀವು ಜೀವ ಉಳಿಸಿದ್ರಿ ತಾಯಿ, ಆ ಋಣ ತೀರ್ಸಕ್ಕಾಗಲ್ಲ. ಆದ್ರೆ ಅದು ಜ್ಞಾನಸ್ನಾನ ಹೆಂಗಾಗುತ್ತೆ? ಅದೆಲ್ಲ ಗುರುಗಳ ಕೈಲೇ ಆಗಬೇಕು. ಬರೋ ಭಾನುವಾರ ಸ್ವಾಮಿಗಳ ಹತ್ರ ಸರಿಯಾಗಿ ಹಾಕಿಸ್ತೀವಿ.”

ಫಿಲೋಮಿನಾ ಬಾಣಂತಿ ಮಂಚದಿಂದಲೇ “ಆಗಿದೆ ಅತ್ತೆ, ಇನ್ನೊಂದ್ಸಲ ಹಾಕೋ ಹಂಗಿಲ್ಲ” ಎಂದರು. ರೋಸಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಅಷ್ಟು ನೋವಾದೀತೆಂದು ನಾನೇ ಎಣಿಸಿರಲಿಲ್ಲ. ನನ್ನ ನಂಬಿಕೆಯೇ ಅಲ್ಲದ ಒಂದು ಕೆಲಸ, ಅದು ಆಗಿಲ್ಲವೆಂದು ಯಾರೋ ಅಂದರೆ ನನಗೇನು? ಆದರೂ ಆ ವಾರವೆಲ್ಲ ಮನಸ್ಸು ಮುದುಡಿತ್ತು. ಮಾತು ಪೂರ್ತಿ ಹೇಳಿದೆನೋ ಇಲ್ಲವೋ ಎಂಬ ಅಳುಕು ಬೇರೆ.

ಭಾನುವಾರ ಎಲ್ಲರೂ ತಿಪಟೂರಿಗೆ ಹೋದೆವು. ಅತ್ತೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ತಾವೂ ಹೊರಟರು. ಪೂಜೆಗೆ ಮೊದಲು ಪಾದ್ರಿಗಳು ನಮ್ಮನ್ನೆಲ್ಲ ಪಕ್ಕದ ಕೋಣೆಗೆ ಕರೆದರು. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ರೋಸಮ್ಮ ತಮ್ಮ ದೂರು ಹೇಳಿದರು. ಅವರು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು.

“ಯಾವ ನೀರು ಸಿಸ್ಟರ್?”

“ಕುದಿಸಿ ಆರಿಸಿದ್ದು. ಬರೀ ನೀರು.”

“ತಲೆಯ ಮೇಲೆ ಹರಿಯಿತೆ?”

“ಹರಿಯಿತು. ನನ್ನ ಸೀರೆಯೂ ನೆನೆಯಿತು.”

“ಏನು ಹೇಳಿದಿರಿ?”

ಕಲಿತಿದ್ದನ್ನು ಹೇಳಿ, ಆ ಹೊತ್ತಿನಲ್ಲಿ ಎಲ್ಲವೂ ಬಾಯಿಗೆ ಬಂತೋ ಇಲ್ಲವೋ ಆಣೆ ಮಾಡಿ ಹೇಳಲಾರೆ ಎಂದೆ. ಆಗ ಬಾಗಿಲ ಬಳಿಯಿಂದ ಅತ್ತೆ ಬಾಯಿ ಹಾಕಿದರು.

“ನಾನು ಪಕ್ಕದಲ್ಲೇ ಇದ್ದೆ ಬುದ್ಧಿ. ಅಪ್ಪನ ಹೆಸ್ರು ಹೇಳಿದ್ಲು, ಮಗನ ಹೆಸ್ರು ಹೇಳಿದ್ಲು, ಇನ್ನೊಂದು ಆತ್ಮದ ಹೆಸ್ರೂ ಹೇಳಿದ್ಲು. ನೀರು ಹಾಕ್ತಾ ಹಾಕ್ತಾನೇ ಹೇಳಿದ್ಲು. ಒಂದೂ ಬುಡ್ಲಿಲ್ಲ.”

ಪಾದ್ರಿಗಳ ತುಟಿ ಅರಳಿತು. “ಕೊನೆಯ ಪ್ರಶ್ನೆ ಸಿಸ್ಟರ್. ಮನಸ್ಸಿನಲ್ಲಿ ಏನಿಟ್ಟುಕೊಂಡು ಹಾಕಿದಿರಿ?”

“ಈಕೆ ಏನು ಬಯಸಿದ್ದರೋ, ನಿಮ್ಮವರು ಇದನ್ನು ಯಾತಕ್ಕೆ ಮಾಡುತ್ತಾರೋ, ಅದೇ ಆಗಲಿ ಅಂತ.”

“ಅಷ್ಟು ಸಾಕು” ಎಂದು ಅವರು ರೋಸಮ್ಮನಿಗೆ ಹೇಳಿದರು. “ಮಗುವಿಗೆ ಜ್ಞಾನಸ್ನಾನ ಆಗಿದೆ ಅಮ್ಮ. ನಾನು ಮತ್ತೆ ನೀರು ಹಾಕುವ ಹಾಗಿಲ್ಲ. ಕೊಡುವವನು ದೇವರು. ಕೈ ಇವರದಾದರೂ ನನ್ನದಾದರೂ ಒಂದೇ. ಉಳಿದಿರುವುದು ಎಣ್ಣೆ, ಬಿಳಿಬಟ್ಟೆ, ದೀಪ. ಅದನ್ನು ಇವತ್ತು ಮಾಡೋಣ.”

ರೋಸಮ್ಮ ವಾದ ಮಾಡಲಿಲ್ಲ. ಜಪಸರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದರು. “ಹಂಗಾದ್ರೆ ಸ್ವಾಮಿ, ಅವತ್ತು ನಾನೇ ಹಾಕಬಹುದಿತ್ತು. ಗುರುಗಳೇ ಬರಲಿ ಅಂತ ಕಾದೆ. ಆ ಮೊದಲ ಕೂಸಿನ ಗತಿ ಏನು?”

ಫಿಲೋಮಿನಾ ಕತ್ತೆತ್ತಿ ನೋಡಿದರು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆ ಮಗುವಿನ ಮಾತೆತ್ತಿರಲಿಲ್ಲವಂತೆ.

ಪಾದ್ರಿಗಳು ರೋಸಮ್ಮನ ಹತ್ತಿರ ಬಂದು ನಿಂತರು. ಆಮೇಲೆ ಹೇಳಿದರು. “ನೀರು ಹಾಕಿ ಎಂದು ದೇವರು ನಮಗೆ ಹೇಳಿದ್ದಾನೆ. ನಾವು ಹಾಕಬೇಕು. ನೀರಿಲ್ಲದೆ ಒಂದು ಕೂಸನ್ನು ಎತ್ತಿಕೊಳ್ಳಲು ತನಗೆ ಬರುವುದಿಲ್ಲ ಎಂದು ಅವನು ಹೇಳಿಲ್ಲ. ಆ ಮಗುವನ್ನು ಅವನ ಕರುಣೆಗೆ ಬಿಡಿ. ಇವತ್ತಿನ ಪೂಜೆಯಲ್ಲಿ ಅದನ್ನೂ ನೆನೆಯುತ್ತೇನೆ. ಏನು ಹೆಸರಿಟ್ಟಿದ್ದಿರಿ?”

“ಇಟ್ಟಿರಲಿಲ್ಲ” ಎಂದರು ರೋಸಮ್ಮ.

“ಇಟ್ಟಿದ್ದೆ” ಎಂದರು ಫಿಲೋಮಿನಾ. “ಇನ್ನಾಸಪ್ಪ. ನಮ್ಮ ತಂದೆ ಹೆಸರು. ಮನಸ್ಸಲ್ಲೇ ಕರೀತಿದ್ದೆ.”

ರೋಸಮ್ಮ ಆ ಹೆಸರನ್ನು ಒಮ್ಮೆ ಮೆಲ್ಲಗೆ ಅಂದು ನೋಡಿದರು. ಆಮೇಲೆ ಸೊಸೆಯ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು ನಿಂತರು. ನಾನೂ ಅತ್ತೆಯೂ ಹೊರಗೆ ಬಂದುಬಿಟ್ಟೆವು.

ಪೂಜೆಗೆ ಮೊದಲು ಪಾದ್ರಿಗಳು ಹಿತ್ತಿಲಿನ ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಕೊರಳಿಗೆ ನೇರಳೆ ಬಣ್ಣದ ಪಟ್ಟಿ ಹಾಕಿ ಕೂತರು. ಪಕ್ಕದಲ್ಲಿ ಮಂಡಿಯೂರಿ ಫಿಲೋಮಿನಾ ಏನೋ ಹೇಳಿದರು, ತುಂಬ ಹೊತ್ತು ಹೇಳಿದರು. ಆಕೆಯಾದ ಮೇಲೆ ರೋಸಮ್ಮ. ಪಾಪನಿವೇದನೆಯಲ್ಲಿ ಏನು ಹೇಳಿದರೆಂದು ಕೇಳುವುದು ಸಲ್ಲದು, ಅದು ಅವರಿಗೂ ದೇವರಿಗೂ ಬಿಟ್ಟದ್ದು ಎಂದು ಅಂತೋಣಪ್ಪ ನಮಗೆ ಹೇಳಿದ. ಆಮೇಲೆ ಮಗುವಿನ ನೆತ್ತಿಗೆ ಎಣ್ಣೆ ಸವರಿದರು, ಬಿಳಿ ಬಟ್ಟೆ ಹೊದಿಸಿದರು, ಬತ್ತಿ ಹಚ್ಚಿ ಅಪ್ಪನ ಕೈಗೆ ಕೊಟ್ಟರು. ನೀರು ಮಾತ್ರ ಮುಟ್ಟಲಿಲ್ಲ. ಪ್ರಸಾದದ ಹೊತ್ತಿಗೆ ಮಗುವನ್ನು ನನ್ನ ಕೈಗಿತ್ತು ಫಿಲೋಮಿನಾ ಎದ್ದು ಸಾಲಿನಲ್ಲಿ ನಿಂತರು. ವಾಪಸು ಬಂದು ಕಣ್ಣು ಮುಚ್ಚಿ ಕೂತ ಆ ಮುಖವನ್ನು ನಾನು ನೋಡಿದೆ. ಹೆಚ್ಚು ಹೇಳಲಾರೆ. ಜ್ವರ ಬಿಟ್ಟವರ ಮುಖ ಹಾಗಿರುತ್ತದೆ.

ಮರುವರ್ಷ ಆಕೆಗೆ ಗಂಡನ ಕೆಲಸದ ಕಡೆಗೇ ವರ್ಗವಾಯಿತು. ಕೆಲವು ವರ್ಷ ಹಬ್ಬಕ್ಕೆ ಬಂದು ಹೋಗುತ್ತಿದ್ದರು. ತೆರೇಸಾ ಓದಿ ಟೀಚರಾದಳೆಂದು ಕೇಳಿದ್ದೇನೆ. ಆಮೇಲೆ ನಾನೂ ಊರು ಬಿಟ್ಟೆ, ಸಂಪರ್ಕ ತಪ್ಪಿತು.

ಆ ಭಾನುವಾರ ಫಿಲೋಮಿನಾ ಮನೆಯವರು ಸಂಜೆಯವರೆಗೆ ತಿಪಟೂರಿನಲ್ಲೇ ಉಳಿದರು. ನಾನೂ ಅತ್ತೆಯೂ ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಊರು ದಾಟಿ ತೋಟಗಳ ನಡುವೆ ಬಸ್ಸು ಬರುವಾಗ, ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಅತ್ತೆ ನನ್ನ ಕಡೆ ತಿರುಗಿದರು.

“ಲೇ ಗಿರಿಜ, ಆ ಮಾತು ನಂಗೂ ಕಲ್ಸು.”

“ನಿಮಗ್ಯಾಕೆ ಅತ್ತೆ?”

“ಯಾಕೆ ಅಂದ್ರೆ? ನಾಳೆ ಇನ್ನೊಬ್ಳು ಅಂಥೋಳು ಊರಿಗೆ ಬತ್ತಾಳೆ ಅಂತಿಟ್ಕೋ. ನೀನು ಮೀಟಿಂಗು ಅಂತ ತುಮಕೂರಿಗೆ ಹೋಗಿರ್ತೀಯ. ಆಗ ಕೇಳಿದ್ರೆ ನಾನೇನ್ ಮಾಡ್ಲಿ, ಚೊಂಬು ಹಿಡ್ಕೊಂಡು ನಿಂತ್ಕೊಳ್ಳಾ? ಯಾರು ಬೇಕಾದ್ರೂ ಹಾಕ್ಬೋದು ಅಂತ ಆ ಅಯ್ನೋರೇ ಹೇಳಿದ್ರಲ್ಲ.”

ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ದನಿ ತಗ್ಗಿಸಿ ಒಂದೊಂದೇ ಪದ ಹೇಳಿಕೊಟ್ಟೆ. ಪಿತ, ಸುತ ಬೇಗ ಬಂದವು. ಪವಿತ್ರಾತ್ಮದಲ್ಲಿ ನಾಲಿಗೆ ತೊಡರಿತು. ಅವರು ಬಿಡಲಿಲ್ಲ. ತಪ್ಪಿದರೆ ನಿಲ್ಲಿಸಿ ಮೊದಲಿಂದ ಹೇಳಿದರು. ಬಿಳಿಗೆರೆ ಬಂದು, ಇಳಿಯಲು ಸೀರೆ ಸರಿಮಾಡಿಕೊಂಡು ಎದ್ದು ನಿಂತಾಗ, ಕಂಡಕ್ಟರ್ ಸೀಟಿ ಊದುವ ಮೊದಲು, ಒಂದೂ ತಪ್ಪಿಲ್ಲದೆ ಪೂರ್ತಿ ಹೇಳಿ ಮುಗಿಸಿದರು.